ಬುಟ್ಟಿಗೆ ಬಿದ್ದ ಗುಳಿಗೆಗಳು

ನನಗೆ ಅನುಮಾನದ ಬುದ್ಧಿ ಎಂದು ನನ್ನ ಗಂಡ ಮದುವೆಯಾದ ವರ್ಷವೇ ಹೇಳಿಬಿಟ್ಟಿದ್ದರು. ಸುಳ್ಳಲ್ಲ. ಹಾಲಿನವನು ನಗುನಗುತ್ತ ಬಂದರೆ ನನಗೆ ಮೊದಲು ನೀರು ನೆನಪಾಗುತ್ತದೆ. ಪ್ರಾರ್ಥನೆಯಲ್ಲಿ ಯಾರಾದರೂ ತೀರಾ ಬಿಗಿಯಾಗಿ ಕಣ್ಣು ಮುಚ್ಚಿದರೆ ನನ್ನ ಕಣ್ಣು ತಾನಾಗಿ ತೆರೆದುಕೊಳ್ಳುತ್ತದೆ. ಇಂಥವಳು ಪಾಸ್ಟರ್ ಹೆಂಡತಿಯಾದಳು, ಅದೂ ತುಳಸಮ್ಮ ಎಂಬ ಹೆಸರು ಇಟ್ಟುಕೊಂಡು. ದೀಕ್ಷಾಸ್ನಾನದ ಹೊತ್ತಿಗೆ ಹೆಸರು ಬದಲಿಸಿಕೊ ಎಂದರು. ಇದರಲ್ಲಿ ಏನು ಕೆಟ್ಟದ್ದಿದೆ ಎಂದು ಕೇಳಿದೆ. ಹೆಸರು ಹಾಗೇ ಉಳಿಯಿತು. ಈಗ ಹೇಗೂ ಎಲ್ಲರೂ ನನ್ನನ್ನು ಅಮ್ಮಗಾರು ಎನ್ನುತ್ತಾರೆ, ಪಾಸ್ಟರಾದ ಗಂಡನನ್ನು ಅಯ್ಯಗಾರು ಎನ್ನುತ್ತಾರೆ.

ತೆಲುಗು ಸೀಮೆಯ ಅಂಚಿನ ಮಕ್ತಲ್ ಬಸ್‌ಸ್ಟ್ಯಾಂಡಿನ ಹಿಂದೆ ತಗಡಿನ ಸೂರಿನ ಪ್ರಾರ್ಥನಾ ಹಾಲ್ ನಮ್ಮದು, ಅದಕ್ಕೆ ಅಂಟಿಕೊಂಡೇ ಮನೆ. ನನ್ನ ಗಂಡ ನರೇಂದರ್ ಅಲ್ಲಿ ದೇವರ ವಾಕ್ಯ ಹೇಳಿ ಪ್ರಸಂಗ ಮಾಡುವುದು ತೆಲುಗಿನಲ್ಲಿ, ಮನೆಗೆ ಬಂದು ನನ್ನ ಕೂಡ ಜಗಳಾಡುವುದು ಕನ್ನಡದಲ್ಲಿ. ಶುಕ್ರವಾರ ಉಪವಾಸ ಪ್ರಾರ್ಥನೆ. ಅಂದು ಉಟ್ಕೂರ್, ದಾಮರಗಿದ್ದ ಊರುಗಳ ಕಡೆಯಿಂದ ಷೇರ್ ಆಟೋ ತುಂಬಿಕೊಂಡು ಜನ ಬರುತ್ತಾರೆ. ನಿದ್ದೆ ಬಾರದವರು, ಸುಮ್ಮಸುಮ್ಮನೆ ಅಳುವವರು, ಗೋಡೆಯ ಜೊತೆ ಮಾತಾಡುವವರು. ಇವರಿಗೆಲ್ಲ ಹಿಡಿದದ್ದು ದುರಾತ್ಮ ಎಂಬುದು ನಮ್ಮ ಸಭೆಯ ನಂಬಿಕೆ. ಎಣ್ಣೆ ಹಚ್ಚಿ, ಗದರಿಸಿ, ಬಿಡಿಸುವುದು ನನ್ನ ಗಂಡನ ಕೆಲಸ. ಬಿಡುಗಡೆಯಾದವರು ಎದ್ದು ನಿಂತು ಸಾಕ್ಷಿ ಹೇಳಬೇಕು. ಆಮೇಲೆ ತಾವು ನುಂಗುತ್ತಿದ್ದ ತಲೆಯ ಗುಳಿಗೆಗಳನ್ನು ವೇದಿಕೆಯ ಮುಂದಿನ ಬಿದಿರು ಬುಟ್ಟಿಗೆ ಹಾಕಬೇಕು. ಗುಳಿಗೆ ಮನೆಯಲ್ಲಿಟ್ಟುಕೊಂಡವರ ಸಾಕ್ಷಿ ಸಾಕ್ಷಿಯೇ ಅಲ್ಲ.

ಬಿಪಿ, ಸಕ್ಕರೆ ಗುಳಿಗೆಗೆ ಮಾತ್ರ ನಮ್ಮಲ್ಲಿ ಅಡ್ಡಿಯಿಲ್ಲ. ನಾನೇ ದಿನಾ ಬೆಳಗ್ಗೆ ಥೈರಾಯ್ಡ್ ಗುಳಿಗೆ ನುಂಗುತ್ತೇನೆ. ಕುತ್ತಿಗೆಯವರೆಗಿನದನ್ನು ದೇವರು ಡಾಕ್ಟರಿಗೆ ಬಿಟ್ಟುಕೊಟ್ಟಿದ್ದಾನೆ, ಅದರ ಮೇಲಿನದನ್ನು ಬಿಟ್ಟಿಲ್ಲ ಎಂದು ಒಮ್ಮೆ ಅಂದದ್ದಕ್ಕೆ ನನ್ನ ಗಂಡ ಮಾತು ಬಿಟ್ಟಿದ್ದರು.

ಬುಟ್ಟಿಯಲ್ಲಿದ್ದದ್ದನ್ನು ಶನಿವಾರ ಬೆಳಗ್ಗೆ ಹಿತ್ತಲಿನ ಒಲೆಗೆ ಹಾಕುವುದು ನನ್ನ ಪಾಲಿನ ಸೇವೆ. ಮಳೆಗಾಲ ಮುಗಿಯುವ ಹೊತ್ತಿಗೆ ನನಗೆ ಒಂದು ವಿಷಯ ಕಣ್ಣಿಗೆ ಬಿತ್ತು. ಶುಕ್ರವಾರ ತುಂಬಿದ ಬುಟ್ಟಿ ಶನಿವಾರಕ್ಕೆ ಸೊರಗಿರುತ್ತಿತ್ತು. ಯಾರೋ ಗುಳಿಗೆ ಕದಿಯುತ್ತಿದ್ದರು.

ನಾನು ಮೊದಲು ಹಿಡಿದದ್ದು ಪೆದ್ದಯ್ಯನನ್ನು. ಪ್ರಾರ್ಥನಾ ಹಾಲಿನಲ್ಲಿ ಚಾಪೆ ಹಾಸುವವನು, ಡೋಲಕ್ ಬಾರಿಸುವವನು ಆತನೇ. ನಮ್ಮಲ್ಲಿಗೆ ಬರುವ ಮುಂಚೆ ಮಹಾ ಕುಡುಕ. ಕುಡಿತ ಬಿಟ್ಟವನು ಇನ್ನೇನನ್ನೋ ಹಿಡಿದಿರುತ್ತಾನೆ ಎಂಬುದು ನನ್ನ ಲೆಕ್ಕ.

"ಪೆದ್ದಯ್ಯ, ಬುಟ್ಟ್ಯಾಗಿನ ಗುಳಿಗಿ ಎಲ್ಲಿ ಹೊಂಟಾವು?"

"ನನಗೇನ್ ಗೊತ್ತ್ರಿ ಅಮ್ಮಗಾರು? ಚಾಪಿ ಹಾಸೋದು, ಚಾಪಿ ಸುತ್ತೋದು, ಇಷ್ಟ ನನ್ನ ಕೆಲಸ."

"ಮೆಡಿಕಲ್ ಶಾಪ್‌ನಾಗ ನಿಂತಿರ್ತಾನಲ್ಲ, ಆ ಹುಡುಗ ನಿನಗ ಏನಾಗ್ಬೇಕು?"

"ನನ್ನ ಅಳಿಯರಿ."

"ಅಂದಮ್ಯಾಲ ಸಲೀಸಾಯ್ತು ಬಿಡು. ಇಲ್ಲಿ ತಗೊಂಡು ಅಲ್ಲಿ ಮಾರೋದು."

ಮುದುಕನ ಮುಖ ಕೆಂಪಗಾಯಿತು. ಸುತ್ತುತ್ತಿದ್ದ ಚಾಪೆಯನ್ನು ನೆಲಕ್ಕೆ ಎಸೆದ. "ಬುಟ್ಟಿಗೆ ಕೈ ಹಾಕೋನು ನಾನಲ್ರಿ ಅಮ್ಮಗಾರು. ನಿಮ್ಮ ಮನ್ಯಾಗ ಕೇಳ್ರಿ," ಎಂದು ಹೊರಗೆ ನಡೆದ. ಕಳ್ಳ ಯಾವಾಗಲೂ ಮನೆಯವರ ಮೇಲೇ ಹಾಕುತ್ತಾನೆ ಎಂದುಕೊಂಡೆ. ಆದರೂ ಆ ಮಾತು ಬಟ್ಟೆಗೆ ಹತ್ತಿದ ಮುಳ್ಳಿನ ಹಾಗೆ ಚುಚ್ಚುತ್ತ ಉಳಿಯಿತು.

ಆ ಗುಳಿಗೆಗಳಲ್ಲಿ ಶಿರೀಷಾಳವೂ ಇದ್ದವು. ಉಟ್ಕೂರಿನ ಹುಡುಗಿ. ಹೊಟ್ಟೆಯಲ್ಲೇ ಕೂಸು ತೀರಿಕೊಂಡಿತ್ತು. ಅಂದಿನಿಂದ ನಿದ್ದೆ ಹೋಯಿತು, ಕಿವಿಯಲ್ಲಿ ಕೂಸಿನ ಅಳು ಶುರುವಾಯಿತು, ಗಂಡನ ಮನೆಯವರು ತವರಿಗೆ ತಂದು ಬಿಟ್ಟರು. ತಾಯಿ ಪೆಂಟಮ್ಮ ಕುರಿಗಾರರ ಮನೆಯ ಹೆಣ್ಣುಮಗಳು. ಬೀರಪ್ಪನ ಗುಡಿಯಲ್ಲಿ ಭಂಡಾರ ಹಚ್ಚಿಸಿದಳು, ದರ್ಗಾದಲ್ಲಿ ತಾಯತ ಕಟ್ಟಿಸಿದಳು. ಯಾರೋ ಹೇಳಿದರೆಂದು ಗದ್ವಾಲಿನಲ್ಲಿ ಡಾಕ್ಟರಿಗೆ ತೋರಿಸಿ ಗುಳಿಗೆ ತಂದಳು, ಹುಡುಗಿ ಮಲಗತೊಡಗಿದಳು. ಆಮೇಲೆ ಇನ್ಯಾರೋ ಹೇಳಿದರೆಂದು ನಮ್ಮಲ್ಲಿಗೆ ಕರೆತಂದಳು. ನನ್ನ ಗಂಡ ಎಣ್ಣೆ ಹಚ್ಚಿದರು. ಶಿರೀಷಾ ಎದ್ದು ಸಣ್ಣ ದನಿಯಲ್ಲಿ "ಈಗ ಕೂಸಿನ ಅಳು ಕೇಳಂಗಿಲ್ಲ" ಎಂದು ಸಾಕ್ಷಿ ಹೇಳಿದಳು, ಸೆರಗಿನಲ್ಲಿದ್ದದ್ದನ್ನು ಬುಟ್ಟಿಗೆ ಹಾಕಿದಳು. ಇಡೀ ಹಾಲ್ "ಸ್ತೋತ್ರ" ಎಂದು ದೇವರನ್ನು ಕೊಂಡಾಡಿತು. ಅಳು ನಿಂತದ್ದು ಗುಳಿಗೆಯಿಂದಲೋ ಎಣ್ಣೆಯಿಂದಲೋ ಎಂದು ನನ್ನ ಮನಸ್ಸು ಕೇಳಿತು. ಬಾಯಿ ಕೇಳಲಿಲ್ಲ.

ತಿಂಗಳು ತುಂಬುವುದರೊಳಗೆ ಪೆಂಟಮ್ಮ ನಮ್ಮ ಬಾಗಿಲಿಗೆ ಬರತೊಡಗಿದಳು. "ಹುಡುಗಿ ಮತ್ತ ಮಲಗವಲ್ಲಳ್ರಿ ಅಮ್ಮಗಾರು. ಖಾಲಿ ಕೈ ಎದಿಗೆ ಹಿಡಕೊಂಡು ತೂಗ್ತಾಳ." ನನ್ನ ಗಂಡ ಹೊರಗೆ ಬಂದು ನೋಡುತ್ತಿರಲಿಲ್ಲ. ಪ್ರಾರ್ಥನೆಯಲ್ಲಿ ಇದ್ದಾರೆಂದು ಹೇಳು ಎನ್ನುತ್ತಿದ್ದರು.

ಅವರ ನಡವಳಿಕೆಯೇ ನನಗೆ ಸರಿ ಕಾಣುತ್ತಿರಲಿಲ್ಲ. ಮಧ್ಯಾಹ್ನ ಉಂಡು ಮಲಗಿದರೆ ಎಬ್ಬಿಸಿದರೂ ಏಳುತ್ತಿರಲಿಲ್ಲ. ಇನ್ನು ಕೆಲವು ದಿನ ಕೈ ನಡುಗಿ ಚಹಾ ಬಸಿ ತುಂಬ ಚೆಲ್ಲುತ್ತಿತ್ತು. ಬಾಯಿ ಒಣಗುತ್ತದೆಂದು ತಂಬಿಗೆ ತಂಬಿಗೆ ನೀರು. ಸಕ್ಕರೆ ಕಾಯಿಲೆ ಇರಬಹುದು ತೋರಿಸಿ ಎಂದರೆ ಸಿಡುಕು. ಗುರುವಾರ ಬಂತೆಂದರೆ ಇಸ್ತ್ರಿ ಅಂಗಿ ಹಾಕಿಕೊಂಡು ಗದ್ವಾಲಿಗೆ ಹೊರಡುತ್ತಿದ್ದರು, ಅಲ್ಲಿ ಕುರುಮಮ್ಮ ಎಂಬ ವಿಶ್ವಾಸಿಯ ಮನೆಯಲ್ಲಿ ಪ್ರಾರ್ಥನೆಯಂತೆ. ಒಂದು ಗುರುವಾರದ ಅಂಗಿ ಒಗೆಯುವಾಗ ಜೇಬಿನಲ್ಲಿ ಹಸಿರು ರಿಬ್ಬನ್ ಸಿಕ್ಕಿತು. ಹೆಂಗಸರು ಜಡೆಗೆ ಕಟ್ಟುವಂಥದ್ದು.

ಕುರುಮಮ್ಮನಿಗೆ ಫೋನ್ ಹಚ್ಚಿದೆ. "ನಮ್ಮ ಮನಿಗಾ? ಅಯ್ಯಗಾರು ಬಂದು ಜಮಾನ ಆತ್ರಿ," ಎಂದಳು ಆಕೆ. "ಆದ್ರ ನೋಡ್ತಿರ್ತೀನಿ. ಕೋಟಿ ಹಿಂದಿನ ಓಣ್ಯಾಗ, ವಿಜಯಶ್ರೀ ಮೇಡಂ ಬಾಗಲ ಮುಂದ." ಮುಂದೆ ಆಕೆ ಏನು ಹೇಳಿದಳೋ ನಾನು ಕೇಳಿಸಿಕೊಳ್ಳಲಿಲ್ಲ. ಹೆಸರು ಸಿಕ್ಕಿತ್ತು, ಸಾಕಿತ್ತು.

ಅಪ್ಪ ಇದ್ದಿದ್ದರೆ ಅಪ್ಪನ ಮುಂದೆ ಅಳುತ್ತಿದ್ದೆ. ಅವನಿಲ್ಲದ್ದಕ್ಕೆ ನಾರಾಯಣಪೇಟೆಗೆ ಹೋಗಿ ಅಪ್ಪನ ಗೆಳೆಯ ದೇವೇಂದ್ರಪ್ಪ ಅಯ್ಯಗಾರ ಮುಂದೆ ಕೂತೆ. ಅಲ್ಲಿಯ ಹಳೆಯ ಸಭೆಯ ಪಾಸ್ಟರ್ ಅವರು. ನಮ್ಮಲ್ಲಿಯ ದೆವ್ವ ಬಿಡಿಸುವ ಆಟ ಅವರಿಗೆ ಆಗದು. ಅವರ ಪ್ರಕಾರ ಮನಸ್ಸಿನ ಭಾರವೆಲ್ಲ ಒಪ್ಪಿಕೊಳ್ಳದ ಪಾಪದ ಭಾರ. ಎದುರಿಗೆ ಕುರ್ಚಿ ಹಾಕಿ, ವಾಕ್ಯದ ಪುಸ್ತಕ ತೆರೆದಿಟ್ಟು, ಪಾಪ ಸಿಗುವವರೆಗೆ ಬಿಡರು. ಭಾವ ಸತ್ತಾಗ ನಮ್ಮ ಅಕ್ಕನ ಅಳು ನಿಲ್ಲಲಿಲ್ಲವೆಂದು ಆ ಕುರ್ಚಿಯ ಮೇಲೆ ಕೂಡಿಸಿದ್ದೆವು. ಪಾಪ ನೆನಪಾಗದೆ ಒದ್ದಾಡಿ ಕೊನೆಗೆ ಚಿಕ್ಕಂದಿನಲ್ಲಿ ಕದ್ದ ಪೇರಲ ಹಣ್ಣು ಹೇಳಿ ಎದ್ದುಬಂದಳು. ಆದರೂ ಒಂದು ಮಾತು ಹೇಳಲೇಬೇಕು. ಆ ದಿನಗಳಲ್ಲಿ ಅಕ್ಕನ ಎದುರಿಗೆ ಅಷ್ಟು ಹೊತ್ತು ಬೇರೆ ಯಾರೂ ಕೂತಿರಲಿಲ್ಲ.

ನಾನು ಗಂಡನ ನಿದ್ದೆ, ನಡುಕ, ಗುರುವಾರ ಎಲ್ಲ ಹೇಳಿದೆ. ರಿಬ್ಬನ್ ಮಾತ್ರ ನುಂಗಿಕೊಂಡೆ.

"ದೆವ್ವ ಗಿವ್ವ ಅಲ್ಲವ್ವ ಇದು," ಎಂದರು ದೇವೇಂದ್ರಪ್ಪ. "ದವಾಖಾನಿಗೆ ಹೋಗೂ ಮಾತೂ ಅಲ್ಲ. ನಿನ್ನ ಗಂಡ ಏನೋ ಮುಚ್ಚಿಟ್ಟಾನ. ಮುಚ್ಚಿಟ್ಟಿದ್ದು ಒಳಗ ಕೊಳಿತೈತಿ. ಹುಡುಕು, ಸಿಗತೈತಿ. ಸಿಕ್ಕ ಮ್ಯಾಲ ನನ್ನಲ್ಲಿ ಕರಕೊಂಡ್ ಬಾ."

ಅನುಮಾನದವಳಿಗೆ ಹುಡುಕು ಎಂದು ಪಾಸ್ಟರೇ ಅಪ್ಪಣೆ ಕೊಟ್ಟ ಮೇಲೆ ಇನ್ನೇನು ಬೇಕು. ಮುಂದಿನ ಗುರುವಾರ ಗಂಡ ಹತ್ತಿದ ಬಸ್ಸು ಹೋಗಲು ಬಿಟ್ಟು, ಅದರ ಹಿಂದಿನದನ್ನು ಹಿಡಿದು ನಾನೂ ಗದ್ವಾಲಿಗೆ ಹೊರಟೆ. ದಾರಿಯುದ್ದಕ್ಕೂ ಆ ವಿಜಯಶ್ರೀಗೆ ಏನೇನು ಅನ್ನಬೇಕೆಂದು ತಾಲೀಮು ಮಾಡಿಕೊಂಡೆ. ಕೆಲವು ಮಾತು ಪಾಸ್ಟರ್ ಹೆಂಡತಿಯ ಬಾಯಲ್ಲಿ ಬರುವಂಥವಲ್ಲ.

ಕೋಟೆಯ ಹಿಂದಿನ ಓಣಿಯಲ್ಲಿ ಬೇವಿನ ಮರದ ಕೆಳಗೆ ಒಂದು ಕಲ್ಲುಬೆಂಚು. ಅದರ ಮೇಲೆ ನನ್ನ ಗಂಡ ಕೂತಿದ್ದರು, ತೊಡೆಯ ಮೇಲೆ ಕೈಚೀಲ. ಎದುರಿನ ಮನೆಗೆ ಬೋರ್ಡು: ವಿಜಯಶ್ರೀ, ಮನಸ್ಸಿನ ತೊಂದರೆಗಳಿಗೆ ಸಲಹೆ, ಗುರುವಾರ ಡಾಕ್ಟರು ಇರುತ್ತಾರೆ. ಬೋರ್ಡಿನ ಮೂಲೆಯಲ್ಲಿ ಸಣ್ಣದೊಂದು ಶಿಲುಬೆ. ನಾನು ಕಬ್ಬಿನ ಹಾಲಿನ ಬಂಡಿಯ ಹಿಂದೆ ನಿಂತೆ. ಅವರು ಏಳುವರು, ಬಾಗಿಲವರೆಗೆ ಹೋಗುವರು, ಯಾರಾದರೂ ಬಂದರೆ ಮುಖಕ್ಕೆ ಕರವಸ್ತ್ರ ಹಿಡಿದು ಮತ್ತೆ ಬೆಂಚಿಗೆ ಬರುವರು. ಇದೆಂಥ ಪ್ರೇಮವಪ್ಪಾ ಎಂದುಕೊಂಡೆ.

ಕೊನೆಗೆ ಒಳಗಿನಿಂದ ಒಬ್ಬ ಹೆಂಗಸು ಹೊರಬಂದು ನೆಟ್ಟಗೆ ಅವರ ಹತ್ತಿರ ನಡೆದಳು. ನರೆತ ಕೂದಲು, ದಪ್ಪ ಕನ್ನಡಕ, ಸಿಟ್ಟು ಹೊತ್ತ ಮುಖ. ನಾನು ಕಿವಿ ನಿಮಿರಿಸಿದೆ.

"ಅಯ್ಯಗಾರು, ಭಾಳ ದಿನದಿಂದ ನೋಡಾಕತ್ತೀನಿ," ಎಂದಳು. "ನಿಮ್ಮ ಸಭೆಯವರು ಯಾರು ಇಲ್ಲಿ ಬರ್ತಾರ ಅಂತ ಹಿಂಗ ಕಾವಲು ಕೂಡಬ್ಯಾಡ್ರಿ. ನಿಮ್ಮನ್ನ ನೋಡಿ ಮಂದಿ ಹೊಳ್ಳಿ ಹೊಂಟಾರ."

ನನ್ನನ್ನು ಮೀರಿಸುವ ಅನುಮಾನದವಳು ಗದ್ವಾಲಿನಲ್ಲಿ ಇದ್ದಾಳೆಂದು ನನಗೆ ಗೊತ್ತಿರಲಿಲ್ಲ. ಸಿಟ್ಟು ಎಲ್ಲಿ ಇಳಿಸಬೇಕೆಂದು ತಿಳಿಯದೆ ಬಂಡಿಯ ಹಿಂದಿನಿಂದ ಹೊರಬಂದೆ. ನನ್ನನ್ನು ಕಂಡು ಅವರು ಎದ್ದು ನಿಂತರು. ಕೈಚೀಲ ಜಾರಿ ಬಿತ್ತು, ಅದರ ಬಾಯಿ ತೆರೆದುಕೊಂಡಿತು. ಒಳಗಿನಿಂದ ಗುಳಿಗೆ ಸ್ಟ್ರಿಪ್‌ಗಳು ಬೆಂಚಿನ ಕೆಳಗೆ ಚೆಲ್ಲಿದವು. ಬಿಳಿಯವು, ಹಳದಿಯವು, ಅರ್ಧ ಖಾಲಿಯಾದವು.

ಬುಟ್ಟಿಯ ಕಳ್ಳ ನನ್ನ ಗಂಡನೇ.

"ಯಾಕ್ರೀ?" ಎಂದೆ. ಅಷ್ಟೇ ಬಂತು ಬಾಯಿಗೆ. ಬಸ್ಸಿನಲ್ಲಿ ತಾಲೀಮು ಮಾಡಿದ್ದೆಲ್ಲ ಮರೆತಿತ್ತು.

ವಿಜಯಶ್ರೀ ಇಬ್ಬರನ್ನೂ ಒಳಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದಳು. ಅಲ್ಲಿ ಅವರು ನೆಲ ನೋಡುತ್ತ ಹೇಳಿದರು. ಯುಗಾದಿ ಆದಾಗಿನಿಂದ ನಿದ್ದೆಯಿಲ್ಲ. ಎದೆಯ ಮೇಲೆ ಬೀಸುವ ಕಲ್ಲು ಇಟ್ಟ ಹಾಗೆ. ಪ್ರಸಂಗ ಮಾಡುವಾಗ ತಮ್ಮದೇ ದನಿ ಬೇರೆ ಮನೆಯ ರೇಡಿಯೋದಂತೆ ಕೇಳುತ್ತದೆ. ತಮಗೂ ದುರಾತ್ಮ ಹಿಡಿದಿದೆಯೆಂದು ಒಬ್ಬರೇ ಉಪವಾಸ ಮಾಡಿದರು, ಕನ್ನಡಿ ಮುಂದೆ ನಿಂತು ತಮ್ಮನ್ನೇ ಗದರಿಸಿಕೊಂಡರು. ಏನೂ ಆಗಲಿಲ್ಲ. ಒಂದು ಶುಕ್ರವಾರ ಬುಟ್ಟಿಗೆ ಕೈ ಹೋಯಿತು.

"ಯಾವುದು ಸಿಕ್ತೋ ಅದು ತಿಂದೆ," ಎಂದರು. "ಕೆಲವಕ್ಕ ನಿದ್ದಿ ಬಂತು. ಕೆಲವಕ್ಕ ನಡುಕ ಬಂತು. ಇಲ್ಲಿ ಡಾಕ್ಟರನ್ನ ಕೇಳೂಣು ಅಂತ ಬರ್ತಿದ್ದೆ. ಒಳಗ ಕಾಲಿಟ್ರ ನಾ ಇಷ್ಟು ದಿನ ಹೇಳಿದ್ದೆಲ್ಲ ಸುಳ್ಳಾಗತೈತಿ. ಅದಕ್ಕ ಹೊರಗ ಕೂಡ್ತಿದ್ದೆ."

"ನನಗ ಯಾಕ ಹೇಳ್ಲಿಲ್ರೀ?"

"ಹ್ಯಾಂಗ ಹೇಳ್ಲಿ ತುಳಸಮ್ಮ? ಬರೂವಾಗ ಜೂರಾಲ ಡ್ಯಾಮ್ ಮ್ಯಾಲ ಬಸ್ ಹಾಯತೈತಲ್ಲ. ನಾ ಕಿಟಕಿ ಕಡಿ ಕೂಡಂಗಿಲ್ಲ. ನೀರು ನೋಡಿದ್ರ ಇಳದುಬಿಡಬೇಕು ಅನಸತೈತಿ."

ಇಷ್ಟು ವರ್ಷ ಹಾಲಿನವನನ್ನು, ಪೆದ್ದಯ್ಯನನ್ನು, ದೇವರನ್ನು ಕೂಡ ಅನುಮಾನಿಸಿದವಳು ನಾನು. ಒಂದೇ ಚಾಪೆಯ ಮೇಲೆ ಮಲಗುವವರು ನೀರಿನ ಹತ್ತಿರ ಹೋಗುತ್ತಿದ್ದಾರೆಂದು ಅನುಮಾನ ಬರಲಿಲ್ಲ.

ವಿಜಯಶ್ರೀ ದೆವ್ವದ ಮಾತೆತ್ತಲಿಲ್ಲ, ಪಾಪ ಯಾವುದೆಂದೂ ಕೇಳಲಿಲ್ಲ. ಎಷ್ಟು ಹೊತ್ತಿಗೆ ಎಚ್ಚರವಾಗುತ್ತದೆ, ಊಟ ಸೇರುತ್ತದೆಯೇ, ಮನೆತನದಲ್ಲಿ ಇನ್ಯಾರಿಗಾದರೂ ಹೀಗಾಗಿತ್ತೇ ಎಂದು ಕೇಳಿದಳು. ಇಷ್ಟು ಕೇಳಲು ಓದು ಬೇಕೇ ಎಂದು ನನಗೆ ಅನ್ನಿಸಿತು, ಆಕೆಯ ನಯವಾದ ಮಾತೂ ಹಿಡಿಸಲಿಲ್ಲ. ಕೊನೆಗೆ "ನಾನೂ ವಿಶ್ವಾಸಿನೇ ಅಯ್ಯಗಾರು. ಬೇಕಂದ್ರ ಪ್ರಾರ್ಥನಿ ಮಾಡೂಣು, ಬ್ಯಾಡಂದ್ರ ಬಿಡೂಣು," ಎಂದಳು.

"ಇವತ್ತ ಬ್ಯಾಡ್ರಿ," ಎಂದರು ನನ್ನ ಗಂಡ. ಆಕೆ ತಲೆಯಾಡಿಸಿ ಅವರನ್ನು ಡಾಕ್ಟರ ಕೋಣೆಗೆ ಕಳಿಸಿದಳು.

ಡಾಕ್ಟರು ಅವರಿಗೆ ಬೇರೆ ಗುಳಿಗೆ ಬರೆದುಕೊಟ್ಟರು. ನೀರಿನ ಯೋಚನೆ ಬಂದ ಕೂಡಲೇ ಹೆಂಡತಿಗೆ ಹೇಳಬೇಕು, ಒಬ್ಬರೇ ಇರಬಾರದು, ವಾರಕ್ಕೊಮ್ಮೆ ಬರಬೇಕು ಎಂದರು. ಚೀಲದಲ್ಲಿದ್ದವನ್ನೆಲ್ಲ ವಿಜಯಶ್ರೀ ತೆಗೆದಿಟ್ಟುಕೊಂಡಳು. "ಕಂಡಕಂಡವರ ಗುಳಿಗಿ ತಿಂದು ನೀವು ಉಳದಿದ್ದ ದೊಡ್ಡದು," ಎಂದಳು. "ಇವು ಯಾರಿಗೆ ಕೊಟ್ಟಿದ್ದವೋ, ಅವರಿಗೂ ಇವು ಬೇಕಾಗಿದ್ದವು."

ನನ್ನ ಗಂಡ ನನ್ನ ಕಡೆ ತಿರುಗಿದರು. "ಭಾಳ ನಿದ್ದಿ ಕೊಟ್ಟಿದ್ದು ಶಿರೀಷಾಂದು. ರಿಬ್ಬನ್ನಿಲೆ ಕಟ್ಟಿ ಹಾಕಿದ್ಳು."

ವಾಪಸ್ ಬರುವಾಗ ಕಿಟಕಿಯ ಕಡೆ ನಾನು ಕೂತೆ. ಡ್ಯಾಮಿನ ಮೇಲೆ ಬಸ್ಸು ಹೋಗುವಷ್ಟು ಹೊತ್ತು ಅವರ ಮಣಿಕಟ್ಟು ಹಿಡಿದಿದ್ದೆ, ಬಳೆ ಚುಚ್ಚುವಷ್ಟು ಗಟ್ಟಿಯಾಗಿ. "ನಾಳೆ ಪೆಂಟಮ್ಮ ಮಗಳನ್ನ ಕರಕೊಂಡ್ ಬರ್ತಾಳ. ಏನ್ ಹೇಳ್ತೀರಿ?" ಎಂದೆ.

"ಖರೇದು ಹೇಳ್ತೀನಿ," ಎಂದರು. ನಾನು ನಂಬಲಿಲ್ಲ.

ಶುಕ್ರವಾರ ಹಾಲ್ ತುಂಬಿತ್ತು. ಪೆಂಟಮ್ಮ ಶಿರೀಷಾಳನ್ನು ರೆಟ್ಟೆ ಹಿಡಿದು ಮುಂದಕ್ಕೆ ತಂದಳು. ಹುಡುಗಿಯ ಕೆನ್ನೆ ಒಳಗೆ ಹೋಗಿತ್ತು, ಕಣ್ಣ ಸುತ್ತ ಮಸಿ ಬಳಿದ ಹಾಗಿತ್ತು. ಎರಡೂ ಕೈ ಎದೆಗೆ ಒತ್ತಿಕೊಂಡು ಮೆಲ್ಲಗೆ ತೂಗುತ್ತಿದ್ದಳು. "ಬಿಟ್ಟು ಹೋಗಿದ್ದು ಹೊಳ್ಳಿ ಬಂದೈತ್ರಿ ಅಯ್ಯಗಾರು, ಬಿಡಸ್ರಿ," ಎಂದು ಪೆಂಟಮ್ಮ ಕೈಮುಗಿದಳು. ನನ್ನ ಗಂಡ ಎಣ್ಣೆಯ ಬಾಟಲಿ ಎತ್ತಿಕೊಂಡರು. ನೋಡಿದೆಯಾ ಎಂದು ನನ್ನೊಳಗಿನವಳು ಅಂದಳು. ಆದರೆ ಅವರು ಬಾಟಲಿಯನ್ನು ಕೆಳಗಿಟ್ಟು, ಮೈಕಿನ ಮುಂದೆ, ತೆಲುಗು ಬಿಟ್ಟು ಮನೆಯ ಕನ್ನಡದಲ್ಲಿ ಮಾತಾಡಿದರು.

"ಈ ಹುಡುಗಿ ಬುಟ್ಟಿಗೆ ಹಾಕಿದ ಗುಳಿಗಿ ನಾ ತಿಂದೀನಿ. ನಿಮ್ಮವೂ ತಿಂದೀನಿ."

ಈಗ ಕಲ್ಲು ಬೀಳುತ್ತವೆ, ಗಂಟುಮೂಟೆ ಕಟ್ಟಬೇಕು ಎಂದುಕೊಂಡೆ. ಅಷ್ಟರಲ್ಲಿ ಪೆದ್ದಯ್ಯನ ದನಿ ಎದ್ದಿತು. "ಸ್ತೋತ್ರ! ನಮ್ಮ ರೋಗ ಅಯ್ಯಗಾರು ತಮ್ಮ ಮೈಮ್ಯಾಲ ತಗೊಂಡಾರ! ಬುಟ್ಟ್ಯಾಗಿಂದ ತಗೋಳೋದು ನಾ ಕಣ್ಣಾರೆ ನೋಡೀನಿ, ಯಾರಿಗೂ ಹೇಳಿಲ್ಲ!"

ಮುದುಕ ಅಳುತ್ತಿದ್ದ. ಅಷ್ಟು ದಿನ ಅವನು ಗುಟ್ಟಾಗಿ ಪೂಜ್ಯವೆಂದುಕೊಂಡದ್ದನ್ನೇ ನಾನು ಕಳವೆಂದು ಅವನ ತಲೆಗೆ ಕಟ್ಟಿದ್ದೆ. ಡೋಲಕ್ ಹೊಡೆಯತೊಡಗಿದ. ಹಾಲ್ ಎದ್ದು ನಿಂತಿತು. ಕರ್ತನು ನಮ್ಮ ಪಾಪ ಹೊತ್ತ ಹಾಗೆ ಅಯ್ಯಗಾರು ನಮ್ಮ ರೋಗ ತಿಂದರು ಎಂದು ಬಾಯಿಂದ ಬಾಯಿಗೆ ಹೋಯಿತು. ಪೆಂಟಮ್ಮ ಅವರ ಕಾಲ ಮೇಲೆ ಬಿದ್ದಳು. "ನನ್ನ ಮಗಳದು ತಿಂದು ಮುಗಿಸ್ಯಾರ, ಇನ್ನ ಆಕಿಗೆ ಏನೂ ಇಲ್ಲ!" ಸೆರಗು, ಜೇಬು, ಪರ್ಸುಗಳಿಂದ ಹೊಸ ಸ್ಟ್ರಿಪ್‌ಗಳು ಹೊರಬಂದವು. "ನಮ್ಮವೂ ತಿನ್ರಿ ಅಯ್ಯಗಾರು, ನಮ್ಮವೂ."

ಅವರು ಅಲ್ಲ ಅಲ್ಲ ಎಂದು ತಲೆಯಾಡಿಸುತ್ತಿದ್ದರು. ಆದರೆ ಕೈ ತುಂಬುತ್ತಾ ಬಂದ ಹಾಗೆ ಅವರ ಮುಖದಲ್ಲಿ ಏನೋ ಸಡಿಲವಾದದ್ದು ನನಗೆ ಕಂಡಿತು. ತಪ್ಪು ಒಪ್ಪಿಕೊಂಡರೂ ದೊಡ್ಡವರಾಗಿ ಉಳಿಯುವ ದಾರಿ ಅದು, ಜನವೇ ಹಾಸಿಕೊಟ್ಟದ್ದು. ಬೆರಳುಗಳು ಮೆಲ್ಲಗೆ ಸ್ಟ್ರಿಪ್‌ಗಳ ಮೇಲೆ ಮಡಚಿಕೊಂಡವು. ಡ್ಯಾಮಿನ ನೀರಿಗಿಂತ ಹೆಚ್ಚು ಹೆದರಿಕೆ ನನಗೆ ಆ ಬೆರಳುಗಳಿಂದ ಆಯಿತು. "ಅವರಿಗೂ ರೋಗ ಐತಿ, ಅವರೂ ಡಾಕ್ಟರಲ್ಲಿ ಹೋಗ್ಯಾರ," ಎಂದು ಚೀರಿದೆ. ಡೋಲಕ್ಕಿನಲ್ಲಿ ನನ್ನ ಚೀರು ನನಗೇ ಕೇಳಲಿಲ್ಲ.

ಶಿರೀಷಾ ತೂಗುವುದನ್ನು ನಿಲ್ಲಿಸಿದ್ದಳು. ಜನರ ನಡುವೆ ದಾರಿ ಮಾಡಿಕೊಂಡು ಮುಂದೆ ಹೋದಳು. ಅವಳು ಮೈಕಿನ ಹತ್ತಿರ ಬಂದದ್ದು ನೋಡಿ, ಸಾಕ್ಷಿ ಹೇಳುತ್ತಾಳೆ ಎಂದು ಪೆದ್ದಯ್ಯ ಡೋಲಕ್ ನಿಲ್ಲಿಸಿದ.

"ಅಯ್ಯಗಾರು," ಎಂದಳು. "ನನ್ನ ಗುಳಿಗಿ ತಿಂದಮ್ಯಾಲ ನಿಮಗ ನಿದ್ದಿ ಬಂತೇನ್ರಿ?"

ಅವರು ಅವಳನ್ನೇ ನೋಡಿದರು. ಸುಳ್ಳು ಹೇಳುತ್ತಾರೆಂದುಕೊಂಡೆ.

"ಬಂತವ್ವ," ಎಂದರು.

"ನನಗ ಬಂದಿಲ್ರಿ," ಎಂದಳು ಶಿರೀಷಾ. "ಬುಟ್ಟಿಗೆ ಹಾಕಿದ ದಿನದಿಂದ ಬಂದಿಲ್ಲ."

ಯಾರೂ ಸ್ತೋತ್ರ ಎನ್ನಲಿಲ್ಲ. ನನ್ನ ಗಂಡ ಕೈಯಲ್ಲಿದ್ದವನ್ನು ವೇದಿಕೆಯ ಮೇಲೆ ಇಟ್ಟು, ಎಲ್ಲರ ಮುಂದೆ ನೆಲದ ಮೇಲೆ ಕೂತುಬಿಟ್ಟರು. ಪೆಂಟಮ್ಮ ಅವರ ಕಾಲು ಬಿಟ್ಟು ಎದ್ದಳು. ಮಗಳ ಕೈ ಹಿಡಿದುಕೊಂಡಳು, ಆಮೇಲೆ ನನ್ನ ಕಡೆ ತಿರುಗಿದಳು.

"ಅಮ್ಮಗಾರು, ಗದ್ವಾಲ್ ಬಸ್ ಎಷ್ಟೊತ್ತಿಗೆ ಐತ್ರಿ?"